ಮೂಸ್ ಚಳಿಗಾಲ ಕಳೆಯೋದು ಹೇಗೆ? ಕಡ್ಡಿ ತಿಂದು −40 ಡಿಗ್ರಿಯಲ್ಲಿ ಬದುಕುವ ಲೆಕ್ಕ ಕೂಡ್ತಿಲ್ಲ

ಸಂಪಿಗೆಮರ ಕೇಳಿದ್ದು:

ಅಲಾಸ್ಕಾದ ಒಳನಾಡಲ್ಲಿ ಜನವರಿಯಲ್ಲಿ −40 ಡಿಗ್ರಿ ಸೆಲ್ಸಿಯಸ್ ಅಂದ್ರೆ ಅಚ್ಚರಿಯ ಸಂಗತಿಯೇನಲ್ಲ. ಎಲೆ ಉದುರಿರುತ್ತೆ, ಹುಲ್ಲು, ಕೆರೆಯ ಜೊಂಡು ಎಲ್ಲ ಹಿಮದಡಿ ಹೂತಿರುತ್ತೆ. ಅಕ್ಟೋಬರಿನಿಂದ ಏಪ್ರಿಲ್ ತನಕ ಮೂಸ್‌ಗೆ (ಜಿಂಕೆ ಕುಟುಂಬದಲ್ಲೇ ಅತಿ ದೊಡ್ಡ ಪ್ರಾಣಿ) ಸಿಗೋದು ವಿಲ್ಲೋ, ಬರ್ಚ್, ಆಸ್ಪೆನ್ ಮರಗಳ ಬೋಳು ಕಡ್ಡಿ. ಅದರಲ್ಲಿ ಪ್ರೋಟೀನ್ ಶೇ 5–7 ಇದ್ದರೆ ಹೆಚ್ಚು, ತಿಂದದ್ದರಲ್ಲಿ ಅರ್ಧಕ್ಕಿಂತ ಕಡಿಮೆ ಜೀರ್ಣವಾಗುತ್ತೆ. 500 ಕೆ.ಜಿ. ಪ್ರಾಣಿ ಇಷ್ಟರಲ್ಲಿ ಮೈ ಬಿಸಿ ಇಟ್ಟುಕೊಂಡು, ನಡೆದಾಡಿ, ಹೆಣ್ಣಾದರೆ ಹೊಟ್ಟೆಯಲ್ಲಿ ಕರು ಬೆಳೆಸಿ, ಮೇ ತಿಂಗಳಿಗೆ ಹೇಗೆ ತಲುಪುತ್ತೆ?

ತುಪ್ಪಳ ದಪ್ಪ ಇರುತ್ತೆ ಅನ್ನೋ ಉತ್ತರ ದಯವಿಟ್ಟು ಬೇಡ. ಕಾಲಿಗೆ ಅಷ್ಟು ತುಪ್ಪಳ ಇಲ್ಲ, ಅದು ದಿನವಿಡೀ ಹಿಮದೊಳಗೇ ಇರುತ್ತೆ, ಆದರೂ ಯಾಕೆ ಸೆಟೆದು ಹೋಗಲ್ಲ? ಕರಡಿ ಹಾಗೆ ಮಲಗಿಬಿಟ್ಟರೆ ಆಗಲ್ವಾ? ಇಷ್ಟು ದೊಡ್ಡದಕ್ಕೇ ಕಷ್ಟ ಅಂದ್ರೆ ಅದೇ ಕಾಡಿನ ಇಲಿ, ಕಪ್ಪೆ, ಹುಳ ಏನು ಮಾಡ್ತವೆ? ಗೊತ್ತಿರೋರು ಅಂಕಿಅಂಶ ಸಮೇತ ಬಿಡಿಸಿ ಹೇಳಿ.

---

ಗೊರಸು ಉತ್ತರ:

ಲೆಕ್ಕ ಕೂಡದಿರೋದು ಸರಿಯೇ. ಯಾಕಂದ್ರೆ ಅದು ಕೂಡೋದೇ ಇಲ್ಲ. ಚಳಿಗಾಲದ ಮೂಸ್ ಪ್ರತಿದಿನ ನಷ್ಟದಲ್ಲೇ ಬದುಕುತ್ತೆ. ಬೇಸಿಗೆಯಲ್ಲಿ ಮೈಮೇಲೆ ಹಾಕಿಕೊಂಡ ಕೊಬ್ಬು ಕರಗಿಸಿಕೊಂಡು ಸಾಗುತ್ತೆ. ಏಪ್ರಿಲ್ ಹೊತ್ತಿಗೆ ತೂಕದಲ್ಲಿ ಶೇ 15–20 ಇಳಿದಿರೋದು ಮಾಮೂಲು. ಅದನ್ನ ಕಾಯಿಲೆ ಅಂತ ತಿಳೀಬಾರದು. ಪ್ರಶ್ನೆ ಇರೋದು ಕಣಜ ಖಾಲಿಯಾಗೋದು ಮೊದಲೋ, ವಿಲ್ಲೋ ಚಿಗುರೋದು ಮೊದಲೋ ಅನ್ನೋದರಲ್ಲಿ.

ಮೊದಲು ಖರ್ಚು ನೋಡಿ. ಯಾವುದೇ ಬಿಸಿರಕ್ತದ ಪ್ರಾಣಿಗೆ ಒಂದು ಕೆಳಮಿತಿಯ ಉಷ್ಣತೆ ಇರುತ್ತೆ. ಗಾಳಿ ಅದಕ್ಕಿಂತ ತಣ್ಣಗಾದರೆ ಮಾತ್ರ ಮೈ ಬಿಸಿ ಇಡಲು ಹೆಚ್ಚುವರಿ ಶಕ್ತಿ ಉರಿಸಬೇಕು, ನಡುಗಬೇಕು. ಬಟ್ಟೆಯಿಲ್ಲದ ಮನುಷ್ಯನಿಗೆ ಅದು ಸುಮಾರು 27 ಡಿಗ್ರಿ. ಚಳಿಗಾಲದ ತುಪ್ಪಳ ಬಂದ ಮೂಸ್‌ಗೆ −30ಕ್ಕಿಂತಲೂ ಕೆಳಗೆ. ಅಂದರೆ ನೀವು ಹೇಳುವ ಚಳಿಗಾಲದ ಹೆಚ್ಚಿನ ದಿನಗಳಲ್ಲಿ ಅದು ಚಳಿಗಾಗಿ ಬೇರೆ ಖರ್ಚು ಮಾಡೋದೇ ಇಲ್ಲ. ತುಪ್ಪಳದ ಮಾತು ಬೇಡ ಅಂದ್ರಿ, ಆದರೂ ಒಂದು ವಿವರ ಹೇಳಲೇಬೇಕು. ಹೊರಗಿನ ಉದ್ದ ಕೂದಲು ಭುಜದ ಮೇಲೆ 15–20 ಸೆಂ.ಮೀ. ಇರುತ್ತೆ, ಒಳಗೆಲ್ಲ ಗಾಳಿ ತುಂಬಿದ ಗೂಡುಗಳು. ಅದರಡಿ ಒತ್ತಾದ ಮೆತ್ತನೆ ತುಪ್ಪಳ. ಮಲಗಿದ ಮೂಸ್ ಬೆನ್ನ ಮೇಲೆ ಬಿದ್ದ ಹಿಮ ಗಂಟೆಗಟ್ಟಲೆ ಕರಗದೆ ಹಾಗೇ ಕೂತಿರುತ್ತೆ. ಒಳಗಿನ ಬಿಸಿ ಎಷ್ಟು ಕಡಿಮೆ ಸೋರುತ್ತೆ ಅನ್ನೋದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಗಾತ್ರವೂ ಸಹಾಯಕ್ಕಿದೆ. ಪ್ರಾಣಿ ದೊಡ್ಡದಾದಷ್ಟೂ ಪ್ರತಿ ಕೆ.ಜಿ. ತೂಕಕ್ಕೆ ಹೊರಮೈ ಕಡಿಮೆ. ಅದಕ್ಕೇ ಮೊದಲ ಚಳಿಗಾಲ ಕಾಣುವ ಕರುಗಳ ಕಷ್ಟ ಬೇರೆ. ಅವುಗಳ ತೂಕ 150–200 ಕೆ.ಜಿ., ಬೇಸಿಗೆಯಿಡೀ ತಿಂದದ್ದು ಬೆಳವಣಿಗೆಗೆ ಹೋಗಿರುತ್ತೆ, ಕೊಬ್ಬು ಉಳಿದಿರೋದು ಅಷ್ಟಕ್ಕಷ್ಟೆ.

ಕಾಲಿನ ವಿಷಯ. ಕಾಲನ್ನ ಬಿಸಿಯಾಗಿಡಲು ಅದು ಹೋಗೋದೇ ಇಲ್ಲ. ಮೇಲಿಂದ ಬಿಸಿರಕ್ತ ತರುವ ಅಪಧಮನಿ, ಕೆಳಗಿಂದ ತಣ್ಣನೆಯ ರಕ್ತ ಒಯ್ಯುವ ಅಭಿಧಮನಿ ಎರಡೂ ಒಂದಕ್ಕೊಂದು ಅಂಟಿಕೊಂಡೇ ಸಾಗುತ್ತವೆ. ಇಳಿಯುವ ರಕ್ತದ ಬಿಸಿಯನ್ನ ಏರುವ ರಕ್ತ ದಾರಿಯಲ್ಲೇ ಹೀರಿ ವಾಪಸ್ ಎದೆಗೆ ಒಯ್ಯುತ್ತೆ. ಗೊರಸಿನ ಹತ್ತಿರ ತಲುಪೋದು ಆಗಲೇ ತಂಪಾದ ರಕ್ತ. ಮೂಸ್‌ನ ಹತ್ತಿರದ ನಂಟ ಹಿಮಸಾರಂಗದಲ್ಲಿ 1950ರ ದಶಕದಲ್ಲೇ ಅಲಾಸ್ಕಾದಲ್ಲಿ ಅಳೆದಿದ್ದಾರೆ. ಮೈಯೊಳಗೆ 38 ಡಿಗ್ರಿ ಇದ್ದಾಗ ಕಾಲಿನ ತುದಿ 10 ಡಿಗ್ರಿಯ ಆಸುಪಾಸಿನಲ್ಲಿತ್ತು. ಹೊರಗೂ ಕಾಲಿಗೂ ಅಂತರ ಕಡಿಮೆಯಾದಷ್ಟು ಬಿಸಿ ಸೋರೋದೂ ಕಡಿಮೆ. ಆದರೆ 10 ಡಿಗ್ರಿಯಲ್ಲಿ ಮಾಮೂಲಿ ಕೊಬ್ಬು ಗಟ್ಟಿಯಾಗಿ ಕೀಲು ಬಿಗಿದುಬಿಡಬೇಕಲ್ಲ? ಅದಕ್ಕೆ ಕಾಲಿನ ಮೂಳೆಯ ನೆಣ ಮೇಲಿಂದ ಕೆಳಗೆ ಬದಲಾಗುತ್ತೆ. ತೊಡೆಯ ಮೂಳೆಯಲ್ಲಿ ಗಟ್ಟಿ ಕೊಬ್ಬು, ಗೊರಸಿನ ಹತ್ತಿರ ಅಪರ್ಯಾಪ್ತ ಕೊಬ್ಬು, ಅಂದರೆ ತಂಪಲ್ಲೂ ಎಣ್ಣೆಯಾಗೇ ಇರುವಂಥದ್ದು. ಸೆಟೆಯುವ ಹಂತಕ್ಕೆ ಬಂದರೆ ರಕ್ತನಾಳ ತೆರೆದು ಒಂದಿಷ್ಟು ಬಿಸಿರಕ್ತ ಬಿಟ್ಟುಕೊಳ್ಳುತ್ತೆ, ಮತ್ತೆ ಮುಚ್ಚಿಕೊಳ್ಳುತ್ತೆ.

ಮೂಗೂ ಇದೇ ಉಪಾಯ. ಹಿಮಸಾರಂಗದ ಮೂಗಿನೊಳಗೆ ಸುರುಳಿ ಸುರುಳಿ ತೆಳು ಮೂಳೆ ಇದೆ. ಹೊರಬಿಡುವ ಉಸಿರು ಅದರ ಮೇಲೆ ಹಾದು 20ಕ್ಕೂ ಹೆಚ್ಚು ಡಿಗ್ರಿ ತಣಿದು ಹೊರಗೆ ಬರುತ್ತೆ. ಬಿಸಿ, ತೇವ ಎರಡೂ ಉಳೀತು. ತೇವ ಉಳಿಸೋದು ಯಾಕೆ ಮುಖ್ಯ ಅಂದ್ರೆ ಕುಡಿಯೋಕೆ ನೀರಿಲ್ಲ, ಹಿಮ ತಿನ್ನಬೇಕು. −20 ಡಿಗ್ರಿಯ 1 ಕೆ.ಜಿ. ಹಿಮವನ್ನ ಕರಗಿಸಿ 38 ಡಿಗ್ರಿಗೆ ಏರಿಸೋಕೆ ಸುಮಾರು 535 ಕಿಲೋಜೂಲ್ ಬೇಕು. ಅದರಲ್ಲಿ 334 ಬರೀ ಕರಗಿಸೋಕೇ ಹೋಗುತ್ತೆ. ಹಸಿದ ಪ್ರಾಣಿಗೆ ಇದು ಸಣ್ಣ ಖರ್ಚಲ್ಲ.

ಈಗ ಆದಾಯ. ದಿನಕ್ಕೆ 15–20 ಕೆ.ಜಿ. ಹಸಿ ಕಡ್ಡಿ ತಿನ್ನುತ್ತೆ. ಮೇಲ್ದವಡೆಯಲ್ಲಿ ಮುಂದಿನ ಹಲ್ಲಿಲ್ಲ, ದನಕ್ಕಿರುವ ಹಾಗೇ. ಹಾಗಾಗಿ ಕಡ್ಡಿಯನ್ನ ಕಚ್ಚಿ ಕತ್ತರಿಸಲ್ಲ, ಹಿಡಿದು ಜಗ್ಗಿ ಮುರಿಯುತ್ತೆ. ಮೂಸ್ ಮೇಯ್ದ ಕಡ್ಡಿಯ ತುದಿ ಸಿಬಿರು ಸಿಬಿರಾಗಿರುತ್ತೆ, ಮೊಲ ಕಡಿದದ್ದು ಚಾಕುವಿನಲ್ಲಿ ಕೊಯ್ದಂತೆ ಓರೆಯಾಗಿ ನುಣ್ಣಗಿರುತ್ತೆ. ಕಾಡಲ್ಲಿ ಗುರುತು ಹಿಡಿಯೋರು ಮೊದಲು ನೋಡೋದು ಇದನ್ನೇ. ಮೂಸ್ ಕಡ್ಡಿಯನ್ನ ಬುಡದ ತನಕ ತಿನ್ನಲ್ಲ, ಪೆನ್ಸಿಲಿಗಿಂತ ಸಣ್ಣ ತುದಿ ಮಾತ್ರ ಬೇಕು. ದಪ್ಪಗಾದಷ್ಟೂ ಮರದ ಭಾಗ ಜಾಸ್ತಿ, ಸತ್ವ ಕಡಿಮೆ. ದಪ್ಪ ಕಡ್ಡಿ ಮುರಿದು ತಿಂದಿರೋದು, ಆಸ್ಪೆನ್ ತೊಗಟೆ ಸುಲಿದಿರೋದು ಕಂಡರೆ ಆ ಜಾಗದಲ್ಲಿ ಮೇವು ಮುಗೀತಾ ಬಂತು ಅಂತ ಅರ್ಥ.

ಇನ್ನೊಂದು ಸಂಗತಿ, ಇದನ್ನ ಹೆಚ್ಚಿನವರು ಬಿಡ್ತಾರೆ. ಅಲಾಸ್ಕಾದ ಕೀನೈ ಪರ್ಯಾಯದ್ವೀಪದಲ್ಲಿ ಮೂಸ್ ಸಂಶೋಧನಾ ಕೇಂದ್ರ ಇದೆ. ಅಲ್ಲಿ ಸಾಕಿದ ಮೂಸ್‌ಗಳಿಗೆ ಬೇಕಾದಷ್ಟು ಮೇವು ಮುಂದಿಟ್ಟರೂ ಚಳಿಗಾಲದಲ್ಲಿ ತಾವಾಗೇ ಕಡಿಮೆ ತಿಂತವೆ, ತೂಕ ಇಳಿಸಿಕೊಳ್ತವೆ. ಹಗಲು ಚಿಕ್ಕದಾಗ್ತಾ ಬಂದಂತೆ ಹಸಿವು, ಚಯಾಪಚಯ ಎರಡೂ ತಗ್ಗುತ್ತವೆ. ಸಿಗದ ಮೇವಿಗಾಗಿ ಅಲೆದು ಇರೋ ಕೊಬ್ಬನ್ನೂ ಕಳಕೊಳ್ಳೋದಕ್ಕಿಂತ ಮಲಗಿ ಮೆಲುಕು ಹಾಕೋದು ಲಾಭ.

ಹಾಗಿದ್ರೆ ಪೂರ್ತಿ ಮಲಗಬಾರದಾ ಅಂದ್ರಲ್ಲ. ಮೈಯನ್ನ 5 ಡಿಗ್ರಿಗೆ ಇಳಿಸಿದ 500 ಕೆ.ಜಿ. ಪ್ರಾಣಿಯನ್ನ 37ಕ್ಕೆ ಏರಿಸಲು ಸುಮಾರು 56 ಮೆಗಾಜೂಲ್ ಬೇಕು, ಅಂದರೆ ಸುಮ್ಮನೆ ಬಿದ್ದಿರುವ ಮೂಸ್ ಹೆಚ್ಚು ಕಡಿಮೆ ಎರಡು ದಿನಕ್ಕೆ ಉರಿಸುವಷ್ಟು. ಮೈ ತಣಿಸಿ ಮಲಗುವ ಪ್ರಾಣಿಗಳು ಎರಡು ಮೂರು ವಾರಕ್ಕೊಮ್ಮೆ ಹೀಗೆ ಬಿಸಿಯಾಗಲೇಬೇಕು. ಅದಕ್ಕಿಂತ ದೊಡ್ಡ ತೊಡಕು ರೂಮೆನ್. ಕಡ್ಡಿ ಕರಗಿಸೋದು ಮೂಸ್ ಅಲ್ಲ, ಅದರ ಮೊದಲ ಹೊಟ್ಟೆಯ ಸೂಕ್ಷ್ಮಜೀವಿಗಳು. ಅವಕ್ಕೆ ಬಿಸಿಯೂ ಬೇಕು, ದಿನಾ ಮೇವೂ ಬೇಕು. ಕರಡಿಗೆ ಆ ತಾಪತ್ರಯ ಇಲ್ಲ.

---

ಸುಪೀರಿಯರ್ ಉತ್ತರ:

ಗೊರಸು ಅವರು ಹೇಳಿದ್ದಕ್ಕೆ ತಕರಾರಿಲ್ಲ, ಆದರೆ ಇಡೀ ಚರ್ಚೆ ಚಳಿಯ ಸುತ್ತಲೇ ಸುತ್ತಿದರೆ ದಾರಿ ತಪ್ಪುತ್ತೆ. ಮೂಸ್ ಸಾಯೋದು ಚಳಿಗಲ್ಲ. ಅದಕ್ಕೆ ಸೆಖೆಯೇ ಹೆಚ್ಚು ತಾಪತ್ರಯ. ಕೆನಡಾದ ಆಲ್ಬರ್ಟಾದಲ್ಲಿ ಅಳೆದು 1986ರಲ್ಲಿ ಪ್ರಕಟಿಸಿದ ಅಂಕಿಗಳ ಪ್ರಕಾರ, ಚಳಿಗಾಲದ ತುಪ್ಪಳದಲ್ಲಿರುವ ಮೂಸ್‌ಗೆ −5 ಡಿಗ್ರಿ ದಾಟಿದರೇ ಸೆಖೆ ಶುರು, ಉಸಿರಾಟ ಜೋರಾಗುತ್ತೆ. ಬೇಸಿಗೆಯಲ್ಲಿ ಆ ಗಡಿ 14 ಡಿಗ್ರಿ. ಜನವರಿಯಲ್ಲಿ ಎರಡು ದಿನ ಬಿಸಿಲು ಬಂದರೆ ಮೇಯೋದು ಬಿಟ್ಟು ಸ್ಪ್ರೂಸ್ ನೆರಳಿಗೆ ಹೋಗಿ ಹಿಮದ ಮೇಲೆ ಮೈಚಾಚಿ ಮಲಗುತ್ತೆ.

ಕೊಲ್ಲೋದು ಯಾವುದು ಅಂದ್ರೆ ಮೊದಲನೆಯದು ಹಿಮದ ಆಳ. ಕಾಲು ಉದ್ದ ಇರೋದರಿಂದ ಅರ್ಧ ಮೀಟರ್ ಹಿಮ ಲೆಕ್ಕಕ್ಕಿಲ್ಲ. 70 ಸೆಂ.ಮೀ. ದಾಟಿದ ಮೇಲೆ ಪ್ರತಿ ಹೆಜ್ಜೆಗೂ ಕಾಲು ಎತ್ತಿ ಹಾಕಬೇಕು. 90 ದಾಟಿದರೆ ಎದೆ ತಾಗುತ್ತೆ, ಹಿಮವನ್ನ ಉತ್ತುಕೊಂಡು ಹೋಗಬೇಕು. ಆಗ ಒಂದು ಪೊದೆಯಿಂದ ಇನ್ನೊಂದಕ್ಕೆ ಹೋಗುವ ಖರ್ಚು ಅಲ್ಲಿ ಸಿಗುವ ಮೇವಿಗಿಂತ ಜಾಸ್ತಿ. ಒತ್ತಾದ ಸೂಚಿಪರ್ಣಿ ಮರಗಳ ಅಡಿ ಹಿಮ ಕಡಿಮೆ ಅಂತ ಅಲ್ಲೇ ಸೇರಿ, ತುಳಿದ ದಾರಿಯಲ್ಲೇ ಓಡಾಡಿ, ಕೈಗೆಟುಕುವ ಕಡ್ಡಿ ಮುಗಿಸಿ, ಪಕ್ಕದಲ್ಲೇ ಮೇವಿದ್ದರೂ ಹೋಗಲಾರದೆ ಸೊರಗುತ್ತವೆ. ಹಿಮ ತೆಗೆದ ರೈಲುಹಳಿ, ರಸ್ತೆ ಸಿಕ್ಕರೆ ಅದರಲ್ಲೇ ನಡೆಯುತ್ತವೆ. ರೈಲು ಬಂದರೂ ಆಳ ಹಿಮಕ್ಕೆ ಇಳಿಯಲ್ಲ, ಹಳಿಯ ಮೇಲೇ ಓಡುತ್ತವೆ. 1989–90ರ ಭಾರಿ ಹಿಮದ ಚಳಿಗಾಲದಲ್ಲಿ ಅಲಾಸ್ಕಾ ರೈಲು ಮಾರ್ಗದಲ್ಲಿ ನೂರಾರು ಮೂಸ್ ಸತ್ತದ್ದು ಹೀಗೆ.

ಆಳಕ್ಕಿಂತ ಕೆಟ್ಟದ್ದು ಹಿಮದ ಮೇಲೆ ಕಟ್ಟುವ ಹೆಪ್ಪು. ಹಗಲು ಕರಗಿ ರಾತ್ರಿ ಗಟ್ಟಿಯಾದ ಪದರ ತೋಳದ ಭಾರ ತಡೆಯುತ್ತೆ, ಮೂಸ್‌ನ ಭಾರ ತಡೆಯಲ್ಲ. ತೋಳ ಮೇಲೆ ಓಡುತ್ತೆ, ಮೂಸ್ ಹೆಜ್ಜೆ ಹೆಜ್ಜೆಗೂ ಕುಸಿಯುತ್ತೆ, ಹೆಪ್ಪಿನ ಅಂಚು ಮೊಣಕಾಲ ಕೆಳಗೆ ಚರ್ಮ ಕೊಯ್ಯುತ್ತೆ.

ಸುಪೀರಿಯರ್ ಸರೋವರದ ಐಲ್ ರಾಯಲ್ ದ್ವೀಪದಲ್ಲಿ 1958ರಿಂದ ಮೂಸ್, ತೋಳ ಎರಡನ್ನೂ ಎಣಿಸ್ತಾ ಬಂದಿದ್ದಾರೆ. 1990ರ ದಶಕದ ನಡುವೆ ಅಲ್ಲಿ ಸುಮಾರು 2,400 ಮೂಸ್ ಇದ್ದವು, ಫರ್ ಮರಗಳನ್ನ ಆಗಲೇ ಮೇಯ್ದು ಮುಗಿಸಿದ್ದವು. 1996ರ ಕಡುಚಳಿಗಾಲ, ಆಳ ಹಿಮ, ಜೊತೆಗೆ ಮೈತುಂಬ ಉಣುಗು. ಮುಂದಿನ ವರ್ಷದ ಎಣಿಕೆಗೆ ಉಳಿದದ್ದು 500ರ ಆಸುಪಾಸು. ತೋಳ ತಿಂದದ್ದು ಅದರಲ್ಲಿ ಸಣ್ಣ ಪಾಲು. ಹೆಚ್ಚಿನವು ಹಸಿವಿನಿಂದಲೇ ಸತ್ತವು.

ಉಣುಗಿನ ಕಥೆ ಬಿಡಿಸಿ ಹೇಳ್ತೀನಿ, ಈಗ ಅಮೆರಿಕದ ಈಶಾನ್ಯ ರಾಜ್ಯಗಳಾದ ಮೇನ್, ನ್ಯೂ ಹ್ಯಾಂಪ್‌ಶೈರ್‌ಗಳಲ್ಲಿ ಇದೇ ದೊಡ್ಡ ಸಮಸ್ಯೆ. ಇದು ಚಳಿಗಾಲದ ಉಣುಗು, ಮರಿಯಾಗಿ ಹತ್ತಿದ್ದು ಬಲಿತು ಉದುರೋ ತನಕ ಒಂದೇ ಪ್ರಾಣಿಯ ಮೇಲೆ. ಸೆಪ್ಟೆಂಬರಿನಿಂದ ನವೆಂಬರ್ ತನಕ ಮರಿಗಳು ಪೊದೆಯ ತುದಿಗೆ ಹತ್ತಿ, ಒಂದರ ಕಾಲಿಗೆ ಇನ್ನೊಂದು ಕೊಂಡಿ ಹಾಕಿಕೊಂಡು ಗೊಂಚಲಾಗಿ ಕಾಯ್ತವೆ. ಒಂದು ಮೂಸ್‌ನ ಕೂದಲಿಗೆ ತಾಗಿದರೆ ಗೊಂಚಲಿಗೆ ಗೊಂಚಲೇ ಹತ್ತುತ್ತೆ. ಮೊದಲ ಹಿಮ ಬಿದ್ದು ಚಳಿ ಗಟ್ಟಿಯಾದರೆ ಹತ್ತದೆ ಉಳಿದವು ಸಾಯ್ತವೆ. ಆದ್ದರಿಂದ ಹಿಮ ಎರಡು ವಾರ ತಡವಾದರೆ ಮೂಸ್ ಮೈಮೇಲೆ ಅಷ್ಟೂ ಹೆಚ್ಚು. ಒಂದೊಂದರ ಮೇಲೆ ಹತ್ತಾರು ಸಾವಿರ ಇರುತ್ತವೆ. ಮಾರ್ಚ್–ಏಪ್ರಿಲ್‌ನಲ್ಲಿ, ಅಂದರೆ ಕೊಬ್ಬು ತಳ ಕಂಡಿರುವ ಹೊತ್ತಿನಲ್ಲೇ, ಬಲಿತ ಹೆಣ್ಣುಗಳು ರಕ್ತ ಹೀರುತ್ತವೆ. ಕೆಲವೇ ವಾರಗಳಲ್ಲಿ ಕರುವಿನ ಮೈಯಲ್ಲಿರುವ ಒಟ್ಟು ರಕ್ತದಷ್ಟನ್ನು ಹೀರಬಲ್ಲವು. ಕೆರೆತಕ್ಕೆ ಮರಕ್ಕೆ ಉಜ್ಜಿ ಉಜ್ಜಿ ಕಪ್ಪು ತುಪ್ಪಳ ಮುರಿದು ಬಿಳಿ ಬುಡ ಮಾತ್ರ ಉಳಿಯುತ್ತೆ, ಅಲ್ಲಿಯ ಜನ ಅದಕ್ಕೆ ದೆವ್ವದ ಮೂಸ್ ಅಂತಾರೆ. ತುಪ್ಪಳ ಹೋದ ಮೇಲೆ ಗೊರಸು ಹೇಳಿದ −30ರ ಲೆಕ್ಕ ಇರಲ್ಲ. ಕೆಲವು ವರ್ಷ ರೇಡಿಯೋ ಪಟ್ಟಿ ಹಾಕಿದ ಕರುಗಳಲ್ಲಿ ಅರ್ಧಕ್ಕಿಂತ ಹೆಚ್ಚು ವಸಂತಕ್ಕೆ ಮೊದಲೇ ಸತ್ತಿವೆ. ಏಪ್ರಿಲ್‌ನಲ್ಲಿ ನೆಲದ ಮೇಲೆ ಇನ್ನೂ ಹಿಮ ಇದ್ದರೆ ಉದುರಿದ ಉಣುಗು ಅದರ ಮೇಲೆ ಬಿದ್ದು ಸಾಯುತ್ತೆ, ಮುಂದಿನ ವರ್ಷಕ್ಕೆ ಮೊಟ್ಟೆ ಇಲ್ಲ. ಹಾಗಾಗಿ ಚಳಿಗಾಲ ಉದ್ದವಾದಷ್ಟು ಮೂಸ್‌ಗೆ ಹಸಿವಿನ ಅಪಾಯ, ಗಿಡ್ಡವಾದಷ್ಟು ಉಣುಗಿನ ಅಪಾಯ.

ಗಂಡುಗಳ ವಿಷಯ ಗೊರಸು ಹೇಳಲಿಲ್ಲ. ಸೆಪ್ಟೆಂಬರ್ ಕೊನೆಯಲ್ಲಿ ಬೆದೆಗಾಲ. ದೊಡ್ಡ ಗಂಡು ಎರಡು ವಾರದಷ್ಟು ಹೊತ್ತು ಮೇವು ಮುಟ್ಟಲ್ಲ, ಕಾದಾಡುತ್ತೆ, ಕೊಬ್ಬಿನ ದೊಡ್ಡ ಪಾಲನ್ನ ಚಳಿಗಾಲ ಶುರುವಾಗುವ ಮೊದಲೇ ಖರ್ಚು ಮಾಡಿಬಿಡುತ್ತೆ. ಕೆಟ್ಟ ವರ್ಷಗಳಲ್ಲಿ ಕರುಗಳ ನಂತರ ಸಾಯೋರ ಸಾಲಲ್ಲಿ ಮುದಿ ಗಂಡುಗಳೇ ಮುಂದೆ.

---

ಸಂಪಿಗೆಮರ:

ಇಬ್ಬರಿಗೂ ಧನ್ಯವಾದ. ಮೇವೇ ಕೊರತೆ ಅಂದ್ರೆ ಕಡುಚಳಿಗಾಲದಲ್ಲಿ ಒಣಹುಲ್ಲು, ಜೋಳ ಹಾಕಿ ಉಳಿಸಬಹುದಲ್ಲ? ನಮ್ಮಲ್ಲಿ ಬರಗಾಲದಲ್ಲಿ ಗೋಶಾಲೆ ತೆರೆದ ಹಾಗೆ?

---

ಗೊರಸು:

ಒಳ್ಳೆ ಮನಸ್ಸಿನಿಂದ ಕೊಲ್ಲೋ ಕೆಲಸ ಅದು. ಅಲಾಸ್ಕಾದಲ್ಲಿ ಮೂಸ್‌ಗೆ ಮೇವು ಹಾಕೋದು ಕಾನೂನು ಪ್ರಕಾರ ಅಪರಾಧ, ಕಾರಣ ಹೊಟ್ಟೆಯೊಳಗೇ ಇದೆ. ಜನವರಿ ಹೊತ್ತಿಗೆ ರೂಮೆನ್‌ನಲ್ಲಿ ಉಳಿದಿರೋದು ಕಡ್ಡಿ, ತೊಗಟೆ ಕರಗಿಸುವ ಸೂಕ್ಷ್ಮಜೀವಿಗಳ ಬಳಗ. ಒಣಹುಲ್ಲನ್ನ ಒಡೆಯುವ ಬಳಗ ಬೆಳೆಯೋಕೆ ವಾರಗಳು ಬೇಕು. ಹಸಿದ ಮೂಸ್ ಹುಲ್ಲು ಗಬಗಬ ತಿನ್ನುತ್ತೆ, ಹೊಟ್ಟೆ ತುಂಬುತ್ತೆ, ಹಸಿವು ನಿಲ್ಲುತ್ತೆ, ಕಡ್ಡಿ ಹುಡುಕೋದನ್ನೂ ನಿಲ್ಲಿಸುತ್ತೆ. ಶವಪರೀಕ್ಷೆ ಮಾಡಿದರೆ ರೂಮೆನ್ ತುಂಬ ಹುಲ್ಲು, ಮೂಳೆಯ ನೆಣ ಮಾತ್ರ ಕೆಂಪು ಲೋಳೆ. ನೆಣ ಬೆಳ್ಳಗೆ ಗಟ್ಟಿಯಾಗಿದ್ದರೆ ಕೊಬ್ಬು ಉಳಿದಿತ್ತು ಅಂತ, ಕೆಂಪಗೆ ಲೋಳೆಯಾಗಿದ್ದರೆ ಕೊನೆಯ ಕೊಬ್ಬೂ ಮುಗಿದಿತ್ತು ಅಂತ.

ಜೋಳದ್ದು ಬೇರೆ ಕೇಡು. ಪಿಷ್ಟ ಒಮ್ಮೆಗೇ ಹುದುಗಿ ಲ್ಯಾಕ್ಟಿಕ್ ಆಮ್ಲ ಏರಿ ರೂಮೆನ್ ಹುಳಿಯಾಗುತ್ತೆ, ಗೋಡೆ ಸುಡುತ್ತೆ, ನೀರು ರಕ್ತದಿಂದ ಹೊಟ್ಟೆಗೆ ಎಳೆದುಕೊಂಡು ಒಂದೆರಡು ದಿನದಲ್ಲಿ ಸಾಯಬಹುದು. ಹಟ್ಟಿಯಲ್ಲಿ ದನ ಹಗ್ಗ ಬಿಚ್ಚಿಕೊಂಡು ಹೋಗಿ ಅಕ್ಕಿಯೋ ಹಿಟ್ಟೋ ತಿಂದು ಹೊಟ್ಟೆ ಉಬ್ಬಿಸಿಕೊಳ್ಳುವುದನ್ನ ನೋಡಿದವರಿಗೆ ಇದು ಹೊಸದಲ್ಲ. ನಿಜವಾಗಿ ನೆರವಾಗಬೇಕೆಂದರೆ ಅವು ತಿನ್ನುವ ಮರದ್ದೇ ಕೊಂಬೆ ಎಟುಕುವ ಹಾಗೆ ಆಗಬೇಕು. ಹಳೆಯ ವಿಲ್ಲೋ ಪೊದೆ ಕಡಿದರೆ ಅಥವಾ ಕಾಡ್ಗಿಚ್ಚು ಬಂದುಹೋದರೆ ಬುಡದಿಂದ ಹೊಸ ಚಿಗುರು ಬಂದು ಕೆಲವೇ ವರ್ಷದಲ್ಲಿ ಒಳ್ಳೆ ಮೇವಾಗುತ್ತೆ.

---

ಹಿಮದಡಿ ಉತ್ತರ:

ಸಣ್ಣವರ ಪಾಳಿ. ಮೂಸ್‌ಗೆ ಆಳ ಹಿಮ ಶತ್ರು, ಇಲಿಗೆ ಅದೇ ಮನೆ.

ಹಿಮದ ಬಹುಪಾಲು ಗಾಳಿಯೇ. ನೆಲದ ಮೇಲೆ 20 ಸೆಂ.ಮೀ. ಹಿಮ ಕೂತರೆ ಸಾಕು, ಕೆಳಗಿನ ನೆಲ ಮೇಲಿನ ಗಾಳಿಯ ಮಾತು ಕೇಳೋದನ್ನ ಬಿಡುತ್ತೆ. ಮೇಲೆ −40 ಇದ್ದಾಗ ದಪ್ಪ ಹಿಮದಡಿ ಸೊನ್ನೆಗಿಂತ ನಾಲ್ಕಾರು ಡಿಗ್ರಿ ಕೆಳಗೆ ಅಷ್ಟೆ. ನೆಲದ ಬಿಸಿ ಮೇಲೇರುವಾಗ ತಳದ ಹಿಮಕಣಗಳು ಆವಿಯಾಗಿ ಮೇಲಿನ ಪದರಕ್ಕೆ ಅಂಟುತ್ತವೆ. ತಳದಲ್ಲಿ ದೊಡ್ಡ ದೊಡ್ಡ ಹರಳುಗಳ ಸಡಿಲ ಪದರ, ನಡುವೆ ಟೊಳ್ಳು ಉಳಿಯುತ್ತೆ. ವೋಲ್ ಎಂಬ ಗಿಡ್ಡಬಾಲದ ಇಲಿ, ಮೂಗಿಲಿಗಳ ಓಡಾಟ, ಮೇವು, ಬಾಳಂತನ ಎಲ್ಲ ಅದರೊಳಗೆ. ಇಲ್ಲಿ ಕೆಡೋದು ಯಾವಾಗ? ಹಿಮ ಬೀಳೋ ಮೊದಲೇ ಕಡುಚಳಿ ಬಂದರೆ ಅಥವಾ ನಡುಚಳಿಗಾಲದಲ್ಲಿ ಮಳೆ ಸುರಿದು ನೆಲಕ್ಕೆ ಮಂಜುಗಡ್ಡೆ ಅಂಟಿದರೆ. ಟೊಳ್ಳು ಮುಚ್ಚಿಹೋಗುತ್ತೆ, ಪಾಚಿ ಗಾಜಿನೊಳಗಿಟ್ಟಂತೆ ಸಿಕ್ಕಿಕೊಳ್ಳುತ್ತೆ. 2013ರ ನವೆಂಬರ್‌ನಲ್ಲಿ ರಷ್ಯಾದ ಯಮಾಲ್‌ನಲ್ಲಿ ಹೀಗೇ ಆಗಿ ಸುಮಾರು 61,000 ಸಾಕು ಹಿಮಸಾರಂಗಗಳು ಹಸಿದು ಸತ್ತವು. ಕೆದಕಿ ತಿನ್ನುವ ದೊಡ್ಡ ಪ್ರಾಣಿಗೇ ಆ ಗತಿ.

ಮೂಗಿಲಿಯ ಉಪಾಯ ವಿಚಿತ್ರ. ಕೆಲವು ಗಂಟೆ ತಿನ್ನದಿದ್ದರೆ ಸಾಯುವ ಪ್ರಾಣಿ, ಮಲಗೋಕೆ ಆಗಲ್ಲ. ಅದು ಚಳಿಗಾಲಕ್ಕೆ ತನ್ನನ್ನೇ ಚಿಕ್ಕದು ಮಾಡಿಕೊಳ್ಳುತ್ತೆ. ತಲೆಬುರುಡೆ, ಮಿದುಳು ಸಮೇತ ಕುಗ್ಗಿ, ವಸಂತದಲ್ಲಿ ಮತ್ತೆ ಬೆಳೆಯುತ್ತೆ. ಪೋಲೆಂಡಿನ ಆಗಸ್ಟ್ ಡೆನೆಲ್ 1949ರಲ್ಲಿ ವಿವರಿಸಿದ ಸಂಗತಿ ಇದು. ಚಿಕ್ಕ ಮೈಗೆ ಊಟವೂ ಚಿಕ್ಕದು.

ಮಲಗುವವರಲ್ಲಿ ಕರಡಿಯನ್ನ ಮೊದಲು ಬೇರೆ ಇಡಿ. ಕರಿಕರಡಿಯ ಮೈ 30 ಡಿಗ್ರಿಗಿಂತ ಕೆಳಗೆ ಅಷ್ಟಾಗಿ ಇಳಿಯಲ್ಲ, ಚಯಾಪಚಯ ಮಾತ್ರ ಕಾಲು ಭಾಗಕ್ಕೆ ಇಳಿಯುತ್ತೆ. ತಿಂಗಳುಗಟ್ಟಲೆ ಉಚ್ಚೆ ಹೊಯ್ಯಲ್ಲ, ಯೂರಿಯಾವನ್ನ ಮತ್ತೆ ಪ್ರೋಟೀನಿಗೆ ಬಳಸಿಕೊಳ್ಳುತ್ತೆ. ಅದರ ಎದುರು ತುದಿಯಲ್ಲಿರೋದು ಉತ್ತರಧ್ರುವದ ನೆಲ ಅಳಿಲು. ವರ್ಷದಲ್ಲಿ ಏಳೆಂಟು ತಿಂಗಳು ಬಿಲದಲ್ಲಿ. ಫೇರ್‌ಬ್ಯಾಂಕ್ಸ್ ಊರಿನ ಅಲಾಸ್ಕಾ ವಿಶ್ವವಿದ್ಯಾಲಯದ ಬ್ರಯಾನ್ ಬಾರ್ನ್ಸ್ 1989ರಲ್ಲಿ ತೋರಿಸಿದ ಹಾಗೆ ಅದರ ಹೊಟ್ಟೆಯ ಉಷ್ಣತೆ −2.9 ಡಿಗ್ರಿ ತನಕ ಇಳಿದರೂ ರಕ್ತ ಹೆಪ್ಪುಗಟ್ಟಲ್ಲ. ಮಂಜಿನ ಹರಳು ಹುಟ್ಟೋಕೆ ಒಂದು ಬೀಜಕಣ ಬೇಕು, ಅದು ಸಿಗದಿದ್ದರೆ ನೀರು ಸೊನ್ನೆಗಿಂತ ಕೆಳಗೂ ನೀರಾಗೇ ಉಳಿಯುತ್ತೆ. ಎರಡು ಮೂರು ವಾರಕ್ಕೊಮ್ಮೆ ನಡುಗಿ, ಕಂದು ಕೊಬ್ಬು ಉರಿಸಿ 36–37ಕ್ಕೆ ಏರಿ, ಅರ್ಧ ದಿನ ಬಿಸಿಯಾಗಿದ್ದು, ಮತ್ತೆ ಇಳಿಯುತ್ತೆ. ಚಳಿಗಾಲದ ಕೊಬ್ಬಿನ ಹೆಚ್ಚಿನ ಖರ್ಚು ಈ ಏಳೋದಕ್ಕೇ.

ಇನ್ನು ಉತ್ತರ ಅಮೆರಿಕದ ಕಾಡುಕಪ್ಪೆ (ವುಡ್ ಫ್ರಾಗ್). ನೆಲದೊಳಗೆ ಆಳಕ್ಕೆ ಹೋಗಲ್ಲ, ತರಗೆಲೆಯ ಕೆಳಗೆ ಕೂತು ನಿಜವಾಗಿಯೂ ಹೆಪ್ಪುಗಟ್ಟುತ್ತೆ. ಸುಮಾರು −2, −3ರಲ್ಲಿ ಪಕ್ಕದ ಮಂಜು ಚರ್ಮಕ್ಕೆ ತಾಗಿ ಹರಳು ಒಳಗೆ ಹಬ್ಬಲು ಶುರುವಾಗುತ್ತೆ. ಅದೇ ಗಳಿಗೆಯಲ್ಲಿ ಪಿತ್ತಜನಕಾಂಗ ಗ್ಲೈಕೋಜೆನ್ ಒಡೆದು ಗ್ಲೂಕೋಸನ್ನ ರಕ್ತಕ್ಕೆ ಸುರಿಯುತ್ತೆ. ಯಾವ ಸಕ್ಕರೆ ಕಾಯಿಲೆಯವರಲ್ಲೂ ಕಾಣದಷ್ಟು. ಆ ಗ್ಲೂಕೋಸ್, ಯೂರಿಯಾ ಜೀವಕೋಶದೊಳಗೆ ಸೇರಿ ಅಲ್ಲಿನ ನೀರನ್ನ ಹಿಡಿದಿಡುತ್ತವೆ. ಮಂಜು ಕಟ್ಟೋದು ಕೋಶದ ಹೊರಗೆ ಮಾತ್ರ, ಚರ್ಮದಡಿ, ಹೊಟ್ಟೆಯ ಟೊಳ್ಳಿನಲ್ಲಿ. ಮೈಯ ನೀರಿನಲ್ಲಿ ಸುಮಾರು ಮೂರನೇ ಎರಡು ಪಾಲು ಮಂಜಾಗುತ್ತೆ. ಹೃದಯ ನಿಲ್ಲುತ್ತೆ, ಉಸಿರಿಲ್ಲ, ಮುಟ್ಟಿದರೆ ಕಲ್ಲು. ಕರಗಿದಾಗ ಮೊದಲು ಬಡಿಯೋದು ಹೃದಯ, ಕಾಲು ಆಡೋದು ತುಂಬ ಹೊತ್ತಿನ ಮೇಲೆ.

ಆದರೆ ಇದಕ್ಕೆ ಗಡಿ ಇದೆ, ಊರಿಂದೂರಿಗೆ ಬೇರೆ. ಆಂಟಾರಿಯೋದ ಕಾಡುಕಪ್ಪೆ −6ರ ಸುತ್ತಮುತ್ತ ತಡೆಯುತ್ತೆ. ಫೇರ್‌ಬ್ಯಾಂಕ್ಸ್‌ನವು −18ರ ತನಕ, ಆರು ತಿಂಗಳಿಗೂ ಹೆಚ್ಚು ಕಾಲ ಹೆಪ್ಪುಗಟ್ಟಿದ್ದು ಬದುಕಿದ್ದನ್ನ 2014ರಲ್ಲಿ ವರದಿ ಮಾಡಿದ್ದಾರೆ. ಅಲ್ಲಿ ಶರತ್ಕಾಲದಲ್ಲಿ ರಾತ್ರಿ ಹೆಪ್ಪುಗಟ್ಟಿ ಹಗಲು ಕರಗೋದು ಹಲವು ಸಲ ನಡೆಯುತ್ತೆ, ಪ್ರತಿ ಸಲವೂ ಗ್ಲೂಕೋಸ್ ಇನ್ನಷ್ಟು ಏರುತ್ತೆ. ಲ್ಯಾಬಿನ ಫ್ರಿಜ್ಜಿನಲ್ಲಿ ಒಂದೇ ಸಲ ಹೆಪ್ಪುಗಟ್ಟಿಸಿದರೆ ಆ ಶಕ್ತಿ ಬರಲ್ಲ. ಮನೆಯ ಫ್ರೀಜರಿನಲ್ಲಿ ಕಪ್ಪೆ ಇಟ್ಟು ನೋಡುವ ವಿಡಿಯೋಗಳನ್ನ ನಂಬಬೇಡಿ. ವೇಗವಾಗಿ ಹೆಪ್ಪುಗಟ್ಟಿದರೆ ಕೋಶದೊಳಗೇ ಹರಳು ಕಟ್ಟಿ ಒಡೆಯುತ್ತೆ, ಕಪ್ಪೆ ಸಾಯುತ್ತೆ. ನಮ್ಮ ಕಡೆಯ ಕಪ್ಪೆಗಳಿಗಂತೂ ಈ ವಿದ್ಯೆಯೇ ಇಲ್ಲ.

---

ಕೆರಿದಂಡಿ:

ಇಷ್ಟೆಲ್ಲಾ ಹೇಳಿದ್ರಿ, ಎದ್ದು ಹೋಗೂ ಉಪಾಯ ಮಾತ್ರ ಯಾರೂ ಹೇಳಲಿಲ್ಲ ನೋಡ್ರಿ. ಗದಗ ಜಿಲ್ಲಾದ ಮಾಗಡಿ ಕೆರಿಗೆ ನವೆಂಬರ್ ಹೊತ್ತಿಗೆ ಪಟ್ಟೆತಲಿ ಹೆಬ್ಬಾತು ಬಂದು ಇಳಿತಾವ. ಮಂಗೋಲಿಯಾ, ಟಿಬೆಟ್ ಕಡೆ ನೀರು ಹೆಪ್ಪುಗಟ್ಟೂ ಮುಂದ ಹೊಂಟು ಹಿಮಾಲಯ ದಾಟಿ ಬರೂ ಹಕ್ಕಿ. ಅದರ ರಕ್ತದಾಗಿನ ಹಿಮೋಗ್ಲೋಬಿನ್ ಆಕ್ಸಿಜನ್ ಬಿಗಿಯಾಗಿ ಹಿಡಿತದ, ಅದಕ್ಕ ಅಷ್ಟು ಮ್ಯಾಲೆ ಹಾರಾಕ ಬರತದ. 7,000 ಮೀಟರ್ ದಾಟಿದ್ದು ಯಂತ್ರ ಕಟ್ಟಿ ಅಳದಾರ. ಹಗಲೆಲ್ಲಾ ಕೆರ್‍ಯಾಗ ತೇಲಿ, ಸಂಜಿಗೆ ಸುತ್ತಲಿನ ಶೇಂಗಾ, ಕಡ್ಲಿ ಹೊಲಕ್ಕ ಹೋಗ್ತಾವ. ಮಾರ್ಚ್ ಹೊತ್ತಿಗೆ ವಾಪಸ್. 2024ರಾಗ ಮಾಗಡಿ ಕೆರಿ ಜಗತ್ತಿನ ಮಹತ್ವದ ಜೌಗು ನೆಲಗಳ ರಾಮ್ಸರ್ ಪಟ್ಟಿಗೆ ಸೇರೇದ. ಚಳಿ ಅಲ್ಲಾ, ಅನ್ನ ನೀರು ಸಿಗಂಗಿಲ್ಲ ಅಂತ ಹೊಂಡೋದು ಇವೂನೂ. ಮ್ಯಾಲೆ ಹೇಳಿದ ಮಾತಿಗೆ ಇದೂ ಕೂಡ್ತದ.

---

ಬೇರುಚಿಗುರು ಉತ್ತರ:

ಎದ್ದು ಹೋಗಲಾರದವು ಮರಗಳು. ಮೂಸ್ ತಿನ್ನುವ ಅದೇ ವಿಲ್ಲೋ ಕಡ್ಡಿಯನ್ನ ಜಪಾನಿನ ಅಕಿರಾ ಸಕಾಯ್ ದ್ರವ ಸಾರಜನಕದಲ್ಲಿ, ಅಂದರೆ −196 ಡಿಗ್ರಿಯಲ್ಲಿ ಅದ್ದಿ ತೆಗೆದು, ಅದು ಬದುಕುಳಿದದ್ದನ್ನ 1960ರಲ್ಲಿ ವರದಿ ಮಾಡಿದರು. ಆದರೆ ಹಾಗೆ ನೇರವಾಗಿ ಅದ್ದಲಿಲ್ಲ. ಮೊದಲು −30ರ ಆಸುಪಾಸಿಗೆ ನಿಧಾನ ಇಳಿಸಿದರು. ಹೊರಗೆ ಮಂಜು ಕಟ್ಟುತ್ತಾ ಕೋಶದೊಳಗಿನ ನೀರು ಹೊರಬಂದಿತು, ಒಳಗೆ ಉಳಿದದ್ದು ಸಕ್ಕರೆಯ ಗಟ್ಟಿ ಪಾಕ. ಒಳಗೆ ಹೆಪ್ಪುಗಟ್ಟಲು ನೀರೇ ಇಲ್ಲದ ಮೇಲೆ −196 ಏನು ಮಾಡೀತು? ಜುಲೈನಲ್ಲಿ ಕಿತ್ತ ಅದೇ ಕಡ್ಡಿ ಸೊನ್ನೆಗಿಂತ ಸ್ವಲ್ಪ ಕೆಳಗಿಳಿದರೇ ಸಾಯುತ್ತೆ. ಹಗಲು ಗಿಡ್ಡವಾದದ್ದನ್ನ ಗುರುತಿಸಿ ಬೆಳವಣಿಗೆ ನಿಲ್ಲಿಸೋದು ಮೊದಲ ಹಂತ, ಹಿಮದ ರಾತ್ರಿಗಳು ಬಂದ ಮೇಲೆ ಗಟ್ಟಿಯಾಗೋದು ಎರಡನೆಯದು. ಫೆಬ್ರವರಿಯಲ್ಲಿ ಹತ್ತು ದಿನ ಬೆಚ್ಚಗಾದರೆ ಈ ಗಟ್ಟಿತನ ಬಿಚ್ಚಿಹೋಗುತ್ತೆ, ಮರುವಾರದ ಚಳಿ ಮೊಗ್ಗನ್ನ ಕೊಲ್ಲುತ್ತೆ.

ಬೇರು ಯಾವತ್ತೂ ಕಡ್ಡಿಯಷ್ಟು ಗಟ್ಟಿ ಅಲ್ಲ, ಹಿಮದ ಹೊದಿಕೆಯನ್ನೇ ನಂಬಿರುತ್ತೆ. ಆಗ್ನೇಯ ಅಲಾಸ್ಕಾದಲ್ಲಿ ಹಳದಿ ಸೀಡರ್ ಮರಗಳು ಎರಡು ಲಕ್ಷ ಹೆಕ್ಟೇರಿಗೂ ಹೆಚ್ಚು ಜಾಗದಲ್ಲಿ ಒಣಗಿ ನಿಂತಿವೆ. ರೋಗಾಣು, ಹುಳ ಎಲ್ಲ ಹುಡುಕಿ ಕೊನೆಗೆ ಸಿಕ್ಕ ಕಾರಣ, ಚಳಿಗಾಲ ಬೆಚ್ಚಗಾಗಿ ಹಿಮ ಕಡಿಮೆಯಾದದ್ದು. ಇದರ ಬೇರು ನೆಲದ ಮೇಲ್ಪದರದಲ್ಲೇ ಇರುತ್ತೆ, ವಸಂತಕ್ಕೆ ಬೇಗ ಎಚ್ಚರವಾಗುತ್ತೆ. ಮೇಲೆ ಹಿಮ ಇಲ್ಲದಿದ್ದರೆ ಮಾರ್ಚ್–ಏಪ್ರಿಲ್‌ನ ಒಂದು ಚಳಿಯ ವಾರ ಸಾಕು, ಎಳೆ ಬೇರು ಸತ್ತವು. ಬೆಚ್ಚಗಾದ ಹವೆ, ಚಳಿಗೆ ಸತ್ತ ಮರ.

---

ಅಲೆಮನೆ:

ಒಂದು ವ್ಯಾವಹಾರಿಕ ಪ್ರಶ್ನೆ. ಆಂಕರೇಜ್‌ನಲ್ಲಿರುವ ತಂಗಿ ಮನೆ ಅಂಗಳಕ್ಕೆ ಫೆಬ್ರವರಿಯಲ್ಲಿ ಮೂಸ್ ಬಂದು ನಿಲ್ಲುತ್ತಂತೆ. ಏನು ಮಾಡಬೇಕು, ಏನು ಮಾಡಬಾರದು?

---

ಸುಪೀರಿಯರ್:

ಓಡಿಸೋಕೆ ಹೋಗಬಾರದು, ಅದು ಮೊದಲನೆಯದು. ಫೆಬ್ರವರಿಯ ಮೂಸ್ ಒಂದು ಓಟಕ್ಕೂ ಲೆಕ್ಕ ಹಾಕುವ ಸ್ಥಿತಿಯಲ್ಲಿರುತ್ತೆ, ಹಾಗಾಗಿ ಸುಲಭವಾಗಿ ದಾರಿ ಬಿಡಲ್ಲ, ತಿರುಗಿ ಬೀಳುತ್ತೆ. ಕಿವಿ ಹಿಂದಕ್ಕೆ ಮಡಚಿದರೆ, ಭುಜದ ಮೇಲಿನ ಕೂದಲು ನಿಮಿರಿದರೆ, ತುಟಿ ನೆಕ್ಕಿಕೊಂಡು ನಿಮ್ಮ ಕಡೆ ನಡೆದು ಬಂದರೆ ಸಿಟ್ಟಾಗಿದೆ ಅಂತ. ಆಗ ಕರಡಿ ಮುಂದೆ ನಿಲ್ಲುವ ಹಾಗೆ ನಿಲ್ಲಬಾರದು, ಓಡಬೇಕು. ಬಾಗಿಲು, ಕಾರು, ದಪ್ಪ ಮರ ಯಾವುದು ಹತ್ತಿರವೋ ಅದರ ಹಿಂದೆ. ಮೂಸ್ ಬಹಳ ದೂರ ಅಟ್ಟಿಸಿಕೊಂಡು ಬರಲ್ಲ. ಕೆಡವಿಬಿಟ್ಟರೆ ತಲೆ ಮುಚ್ಚಿಕೊಂಡು ಮುದುಡಿ ಮಲಗಿ, ಅದು ದೂರ ಹೋಗೋ ತನಕ ಅಲುಗಬೇಡಿ. ತುಳಿಯೋದು ಮುಂಗಾಲಿನಿಂದ. ನಾಯಿಯನ್ನ ಒಳಗೆ ಕಟ್ಟಿ. ಮೂಸ್‌ಗೆ ನಾಯಿಯೆಂದರೆ ತೋಳವೇ.

ಉಯ್ಯಾಲೆ ಹಗ್ಗ, ಬಲೆ, ಹಬ್ಬದ ದೀಪದ ಸರ ಶರತ್ಕಾಲದಲ್ಲೇ ಮೂಸ್‌ಗೆ ಎಟುಕದ ಎತ್ತರಕ್ಕೆ ಕಟ್ಟಿ ಅಥವಾ ತೆಗೆದಿಡಿ, ಗಂಡಿನ ಕೊಂಬು ಸಿಕ್ಕಿಕೊಳ್ಳುತ್ತೆ. ಡಿಸೆಂಬರ್–ಜನವರಿಯಲ್ಲಿ ಕೊಂಬು ಉದುರಿದ ಮೇಲೆ ಆ ಭಯ ಇಲ್ಲ. ಸೇಬಿನ ಸಸಿ ಇದ್ದರೆ ಎರಡು ಮೀಟರಿಗೂ ಎತ್ತರದ ತಂತಿ ಬಲೆಯನ್ನ ಕೊಂಬೆಗೆ ಬಾಯಿ ಎಟುಕದಷ್ಟು ದೂರದಲ್ಲಿ ಸುತ್ತ ನಿಲ್ಲಿಸಬೇಕು. ಬುಡಕ್ಕೆ ಸುತ್ತಿದರೆ ಪ್ರಯೋಜನವಿಲ್ಲ, ಅದು ತಿನ್ನೋದು ತುದಿ. ಅಂಗಳದಲ್ಲಿ ಮೇಡೇ ಮರ ಅಂತ ಮಾರುವ ಬಿಳಿ ಹೂವಿನ ಚೆರ್ರಿ ಇದೆಯಾ ನೋಡಲು ಹೇಳಿ. ಅದರ ಕಡ್ಡಿ ರೂಮೆನ್‌ನಲ್ಲಿ ಒಡೆದಾಗ ಸಯನೈಡ್ ಬಿಡುಗಡೆಯಾಗುತ್ತೆ. 2011ರಲ್ಲಿ ಆಂಕರೇಜ್‌ನಲ್ಲೇ ಮೂಸ್ ಕರುಗಳು ಅದನ್ನ ತಿಂದು ಸತ್ತಿವೆ. ಇದ್ದರೆ ತೆಗೆಸಿ, ಕಡಿದ ಕೊಂಬೆಗಳನ್ನ ಅಂಗಳದಲ್ಲಿ ರಾಶಿ ಹಾಕದೆ ಅದೇ ದಿನ ಸಾಗಿಸಿ. ಬರ್ಚ್ ನೆಟ್ಟರೆ ಸಾಕು.